ಶಿರಾ ಬಸ್ಸು ಹತ್ತಿ ಹೋದ ಮಹನೀಯರಿಗೆ

ದಸರಾ ರಜೆಗೆ ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದೊಯ್ಯಲು ಮುಂಗಡ ಟಿಕೆಟ್ ಕಾಯ್ದಿರಿಸಬೇಕೆಂದು ತುಮಕೂರಿನ ಬಿ.ಎಚ್. ರಸ್ತೆಯ ಸೈಬರ್ ಸೆಂಟರಿನಲ್ಲಿ ಕುಳಿತಿದ್ದ ನನಗೆ, ಪಕ್ಕದಲ್ಲಿ ಸರದಿಗಾಗಿ ಕಾಯುತ್ತಿದ್ದ ತಾವು ಮಾಡಿದ ಉಪಕಾರವನ್ನು ಬಹಿರಂಗವಾಗಿ ಸ್ಮರಿಸುತ್ತೇನೆ. ಅಲ್ಲಿ ಮಕ್ಕಳ ಟಿಕೆಟನ್ನು ವಯಸ್ಸು ನೋಡಿ ಅಲ್ಲ, ಎತ್ತರ ನೋಡಿ ಕೊಡುತ್ತಾರೆ, 140 ಸೆಂ.ಮೀ. ಮೀರಿದರೆ ದೊಡ್ಡವರ ಟಿಕೆಟ್ಟೇ ಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಹತ್ತು ವರ್ಷಕ್ಕೇ ನನ್ನ ಕಿವಿಯೆತ್ತರ ಬೆಳೆದಿರುವ ಮಗಳಿಗೂ ಮಕ್ಕಳ ಟಿಕೆಟನ್ನೇ ಆರಿಸಿದ್ದೆ. ಹಣ ಪಾವತಿಸುವ ಮುನ್ನವೇ ತಾವು ತಡೆದು ಸರಿಪಡಿಸಿದ್ದಲ್ಲದೆ, ನಾನು ಒತ್ತಿದ್ದ ದಿನಾಂಕ ಮುಂದಿನ ತಿಂಗಳದ್ದೆಂದೂ ತೋರಿಸಿದಿರಿ. (ಕನ್ನಡಕ ಮನೆಯಲ್ಲೇ ಉಳಿದಿತ್ತು.) ಒಂದು ಲೋಟ ಕಾಫಿಗೂ ಒಪ್ಪದೆ, ಹೆಸರನ್ನೂ ಹೇಳದೆ ಹೊರಟ ತಮಗೆ ನಮ್ಮ ಕುಟುಂಬದ ಹೃತ್ಪೂರ್ವಕ ಧನ್ಯವಾದಗಳು.