ಮಗಳಿಗೊಂದು ಪತ್ರ: ಗಾಂಧಾರಿಯೂ ಗಂಗೂಬಾಯಿಯೂ

ಹುಬ್ಬಳ್ಳಿ,
ಭಾನುವಾರ

ಪುಟ್ಟೀ,

ಅಪ್ಪನ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ‘ಅಪ್ಪಾ, ತಂಬೂರಿಯನ್ನು ಯಾರಿಗಾದರೂ ಕೊಟ್ಟುಬಿಡು’ ಎಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ಆಗ ನನಗೆ ಬಾಯಿ ಬರಲಿಲ್ಲ. ಊಟವಾಯಿತೇ ಎಂದು ಕೇಳಿ ಫೋನು ಇಟ್ಟೆ. ನಿನ್ನ ಅವ್ವ ಪಕ್ಕದಲ್ಲೇ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಅವಳು ಏನೂ ಕೇಳಲಿಲ್ಲ, ಕೈ ಮಾತ್ರ ನಿಂತಿತು. ಎದುರಿಗಿದ್ದು ಹೇಳಿದರೆ ನಾನು ತಡವರಿಸುತ್ತೇನೆ, ನೀನು ಮಾತು ಬದಲಿಸುತ್ತೀಯ. ಅದಕ್ಕೇ ಈ ಕಾಗದ.

ಗಂಟಲಿನ ಗಂಟು ತೆಗೆಸಿ ಐದು ತಿಂಗಳಾಯಿತು. ಗಾಯ ಮಾಗಿದೆ, ನಿಧಾನವಾಗಿ ಹಾಡಬಹುದು ಎಂದು ವೈದ್ಯರೇ ಹೇಳಿದ್ದಾರೆ. ಆದರೆ ಹಾರ್ಮೋನಿಯಂನ ಕಪ್ಪು ಐದನೆಯ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದ ನಿನ್ನ ದನಿ ಬಿಳಿ ಐದಕ್ಕೆ ಇಳಿದು ಕೂತಿದೆ. ಮೇಲಿನ ಸಾ, ಆ ತಾರಷಡ್ಜದ ಹತ್ತಿರ ಹೋದರೆ ಬಿರಿಯುತ್ತದೆ. ನೀನು ರಾತ್ರಿ ದೀಪ ಆರಿಸಿದ ಮೇಲೆ ಎರಡು ವರ್ಷದ ಹಿಂದಿನ ನಿನ್ನ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳುತ್ತೀಯಂತೆ. ತಮ್ಮ ಹೇಳಿದ. ಅವನ ಮೇಲೆ ಸಿಟ್ಟಾಗಬೇಡ, ಹೆದರಿ ಹೇಳಿದ್ದಾನೆ.

ನಿನ್ನೆ ಅಟ್ಟ ಹತ್ತಿ ಅಜ್ಜನ ಗ್ರಾಮಫೋನು ಇಳಿಸಿದೆ. ಚಿಕ್ಕವಳಿದ್ದಾಗ ಅದರ ಹಿತ್ತಾಳೆಯ ಕಹಳೆಯೊಳಗೆ ಮುಖವಿಟ್ಟು ‘ಕೂ’ ಎನ್ನುತ್ತಿದ್ದೆ, ನೆನಪಿದೆಯೇ? ಪೆಟ್ಟಿಗೆಯಲ್ಲಿ ನನಗೆ ಬೇಕಿದ್ದುದು ಒಂದೇ ತಟ್ಟೆ. ಸಿಕ್ಕಿತು. ಅಂಚಿನಲ್ಲಿ ಒಂದು ಚಕ್ಕೆ ಹಾರಿದೆ, ಗೆರೆಗಳು ಚೆನ್ನಾಗಿವೆ. ಒದ್ದೆ ಬಟ್ಟೆಯಿಂದ ಗೆರೆಯ ಗುಂಟ ಒರೆಸಿದೆ, ಅರಗಿನ ತಟ್ಟೆಯಾದ್ದರಿಂದ ನೆರಳಿನಲ್ಲೇ ಆರಿಸಿದೆ, ಹೊಸ ಮುಳ್ಳು ಸಿಕ್ಕಿಸಿ ಕೀಲಿ ಕೊಟ್ಟೆ. ಮೊದಲು ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ. ಅದರ ಹಿಂದಿನಿಂದ ಒಬ್ಬ ಹುಡುಗಿಯ ದನಿ ಬಂತು. ತೆಳ್ಳಗೆ, ಚೂಪಾಗಿ, ಮೇಲಿನ ಸ್ವರಕ್ಕೆ ಹಾರಿ ಹಕ್ಕಿಯಂತೆ ಕೂರುವ ದನಿ. ಮೂರು ನಿಮಿಷದಲ್ಲಿ ಮುಗಿಯಿತು. 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದೇ ಅಷ್ಟು. ಲೇಬಲ್ಲಿನ ಮೇಲೆ ಹಾಡಿದವರ ಹೆಸರು ‘ಗಾಂಧಾರಿ’ ಎಂದಿದೆ.

ತಟ್ಟೆ ನಿಂತ ಮೇಲೆ ಮೊಬೈಲಿನಲ್ಲಿ ಮಾರವಾ ರಾಗ ಹಾಕಿದೆ. ಒಂದು ಆಲಾಪ ಮುಗಿಯುವಷ್ಟರಲ್ಲಿ ನಿನ್ನ ಅವ್ವ ಅಡುಗೆಮನೆಯಿಂದಲೇ, ‘ಗಂಗೂಬಾಯಿ ಅಲ್ಲವೇ? ಮೊದಲು ಹಾಕಿದ್ದು ಯಾರದ್ದು?’ ಎಂದಳು. ಎರಡೂ ಅವರದ್ದೇ ಎಂದೆ. ನಂಬಲಿಲ್ಲ. ಒದ್ದೆ ಕೈಯಲ್ಲೇ ಬಂದು ತಟ್ಟೆಯ ಮೇಲಿನ ಹೆಸರು ಓದಿದಳು.

ನಿನಗೆ ಗೊತ್ತಿರುವ ಸಂಗತಿಯೇ ಇರಬಹುದು. ಆದರೂ ಒಂದು ಸಲ ನನ್ನ ಬಾಯಿಂದ ಕೇಳು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ, ಧಾರವಾಡದ ಶುಕ್ರವಾರಪೇಟೆಯಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳು ಹಿಂದೂಸ್ತಾನಿ ಕಲಿಯತೊಡಗಿದ ಮೇಲೆ ತನ್ನ ಶೈಲಿಯ ನೆರಳು ಅವಳ ಮೇಲೆ ಬೀಳದಿರಲಿ ಎಂದು ತಾನು ಹಾಡುವುದನ್ನೇ ನಿಲ್ಲಿಸಿಬಿಟ್ಟರು. (ಈ ಮಾತು ಬಂದಾಗಲೆಲ್ಲ ನಿನ್ನ ಅವ್ವ ಎದ್ದು ಒಳಗೆ ಹೋಗುತ್ತಾಳೆ.) ಗುರು ಸವಾಯಿ ಗಂಧರ್ವರು ಕುಂದಗೋಳದಲ್ಲಿ. ಪಾಠಕ್ಕೆ ಹುಬ್ಬಳ್ಳಿಯಿಂದ ರೈಲು. ರೈಲ್ವೆಯಲ್ಲಿದ್ದ ಅಷ್ಟು ವರ್ಷ ಆ ಮಾರ್ಗದಲ್ಲಿ ಎಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ಕುಂದಗೋಳ ಬಂದಾಗಲೆಲ್ಲ ಪ್ಲಾಟ್‌ಫಾರ್ಮಿನ ಕಡೆಗೊಮ್ಮೆ ನೋಡದೆ ಇದ್ದವನಲ್ಲ.

1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಕಂಪನಿ ಆಕೆಯ ದನಿಯನ್ನು ಮುದ್ರಿಸಿಕೊಂಡಾಗ ವಯಸ್ಸು ಇಪ್ಪತ್ತರ ಆಸುಪಾಸು. ಆ ತಟ್ಟೆಗಳಿಂದ ಹೆಸರು ಬಂತು. ಆಮೇಲೆ ಟಾನ್ಸಿಲ್ ತೊಂದರೆ, ಗಂಟಲಿಗೆ ಚಿಕಿತ್ಸೆ. ಚಿಕಿತ್ಸೆ ಮುಗಿದಾಗ ದನಿ ಬೇರೆಯೇ ಆಗಿತ್ತು. ತೆಳ್ಳಗಿದ್ದುದು ದಪ್ಪವಾಯಿತು, ಗಂಡುದನಿ ಎನ್ನುವಷ್ಟು ಕೆಳಗಿಳಿಯಿತು. ಹೆಸರು ತಂದ ದನಿಯೇ ಹೋದರೆ ಗಾಯಕಿಯ ಪಾಡೇನು ಎಂದು ಯಾರಿಗಾದರೂ ಅನಿಸುತ್ತದೆ. 1945ರ ಹೊತ್ತಿಗೆ ಆಕೆ ಭಜನೆ, ಠುಮರಿಗಳನ್ನೆಲ್ಲ ಬದಿಗಿಟ್ಟು, ರಾಗವನ್ನು ವಿಸ್ತಾರವಾಗಿ ಹಾಡುವ ಖಯಾಲನ್ನೇ ಹಿಡಿದರು. ಇಂದು ನಾವು ‘ಗಂಗೂಬಾಯಿ ಹಾನಗಲ್’ ಎಂದಾಗ ಕಿವಿಯಲ್ಲಿ ಏಳುವುದು ಆ ಎರಡನೆಯ ದನಿ. ಮೊದಲನೆಯದು ಹಳೆಯ ತಟ್ಟೆ ಕೂಡಿಡುವ ನನ್ನಂಥವರ ಪೆಟ್ಟಿಗೆಯಲ್ಲಿದೆ.

ಆ ಮಾರವಾವನ್ನು ನೀನು ಇವತ್ತೇ ಕೇಳಬೇಕು. ಷಡ್ಜವನ್ನು ತಪ್ಪಿಸಿ ತಪ್ಪಿಸಿ ಕೋಮಲ ರಿಷಭಕ್ಕೆ ಬಂದು ನಿಲ್ಲುತ್ತಾರಲ್ಲ, ಆ ಜಾಗ. ಅಲ್ಲಿ ಅವಸರವಿಲ್ಲ. ಹಗಲು ಮುಗಿದದ್ದು ಆ ಒಂದು ಸ್ವರದಲ್ಲೇ ಗೊತ್ತಾಗುತ್ತದೆ. ಗಾಂಧಾರಿಯ ದನಿ ಎಷ್ಟೇ ಇಂಪಾಗಿದ್ದರೂ ಆ ರಿಷಭಕ್ಕೆ ಇಷ್ಟು ಭಾರ ಕೊಡಲು ಅದರಿಂದ ಆಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಸಂಗೀತ ಕಲಿತವಳು ನೀನು, ನಾನು ಬರೀ ಕೇಳಿದವನು. ತಪ್ಪಿದ್ದರೆ ಬಂದು ಜಗಳ ಮಾಡು. ಕಛೇರಿಗಳಲ್ಲಿ ಮಗಳು ಕೃಷ್ಣಾ ಹಿಂದೆ ಕೂತು ದನಿಗೂಡಿಸುತ್ತಿದ್ದರು. ಕೊನೆಯ ಕಛೇರಿ 2006ರಲ್ಲಿ, ತೊಂಬತ್ತು ದಾಟಿದ ಮೇಲೆ. 2009ರಲ್ಲಿ ತೀರಿಕೊಂಡರು. ದೇಶಪಾಂಡೆ ನಗರದ ಅವರ ಮನೆ ‘ಗಂಗಾಲಹರಿ’ಯ ಮುಂದೆ ನಿನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಎಷ್ಟೋ ಸಲ ಹೋಗಿದ್ದೇನೆ.

ಕುಮಾರ ಗಂಧರ್ವರಿಗೆ ಬಂದದ್ದು ಇದಕ್ಕಿಂತ ಕಠಿಣ. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ. ಎಳೆಯ ವಯಸ್ಸಿನಲ್ಲೇ ದೊಡ್ಡ ದೊಡ್ಡ ಗವಾಯಿಗಳ ಗ್ರಾಮಫೋನ್ ತಟ್ಟೆ ಕೇಳಿ, ಇದ್ದದ್ದು ಇದ್ದ ಹಾಗೆ ಹಾಡಿ ತೋರಿಸುತ್ತಿದ್ದ ಹುಡುಗ. ಆ ವಯಸ್ಸಿನಲ್ಲೇ ಕುಮಾರ ಗಂಧರ್ವ ಎಂಬ ಬಿರುದು ಸಿಕ್ಕಿತು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತು ಹೆಸರಾಗುತ್ತಿರುವಾಗಲೇ ಕ್ಷಯರೋಗ ಹಿಡಿಯಿತು. 1948ರಲ್ಲಿ ಒಣ ಹವೆಗಾಗಿ ಇಂದಿನ ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ವರ್ಷಗಟ್ಟಲೆ ಹಾಡುವಂತಿಲ್ಲ ಎಂದರು ವೈದ್ಯರು. ಆಗಷ್ಟೇ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧ ಮತ್ತು ಪತ್ನಿ ಭಾನುಮತಿಯವರ ಆರೈಕೆ ಜೀವ ಉಳಿಸಿದವು. ಆದರೆ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಾಯಿತು.

ಹಾಡಲಾರದ ಆ ವರ್ಷಗಳಲ್ಲಿ ಅವರು ಹಾಸಿಗೆಯಲ್ಲೇ ಕಿವಿಯಾದರು. ಬೀದಿಯಲ್ಲಿ ಕಬೀರನನ್ನು ಹಾಡಿಕೊಂಡು ಹೋಗುವ ಜೋಗಿಗಳು, ಮಾಳವ ಸೀಮೆಯ ಹೆಂಗಸರ ಹಾಡುಗಳು, ಎಲ್ಲವನ್ನೂ ಕೇಳಿದರು. 1953ರ ಹೊತ್ತಿಗೆ ಮತ್ತೆ ಕಛೇರಿಗೆ ಕೂತಾಗ ಒಂದೇ ಉಸಿರಿನಲ್ಲಿ ಸ್ವರಗಳನ್ನು ಓಡಿಸುವ ಉದ್ದನೆಯ ತಾನ ಅವರಿಗೆ ಸಾಧ್ಯವಿರಲಿಲ್ಲ. ಚಿಕ್ಕ ಚಿಕ್ಕ ತುಣುಕುಗಳಲ್ಲಿ ಹಾಡಿದರು. ಒಂದು ಸ್ವರವನ್ನು ಎಸೆದು ನಿಲ್ಲುವರು, ತಂಬೂರಿಯನ್ನು ಕೇಳುವರು, ಮತ್ತೆ ಎತ್ತಿಕೊಳ್ಳುವರು. ಮಲಗಿ ಕೇಳಿದ ಜನಪದ ಧಾಟಿಗಳಿಂದ ಮಾಲವತಿ, ಲಗನ್ ಗಾಂಧಾರದಂಥ ಹೊಸ ರಾಗಗಳನ್ನು ಕಟ್ಟಿದರು. ಅವರ ನಿರ್ಗುಣಿ ಭಜನೆಗಳ ಕ್ಯಾಸೆಟ್ಟು ನಮ್ಮ ಮನೆಯಲ್ಲಿತ್ತು. ನೀನು ತೊಟ್ಟಿಲಲ್ಲಿದ್ದಾಗ ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ಲು ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದೆ, ಯಾಕೆಂದರೆ ಆ ಹಾಡು ನಿಂತರೆ ನೀನು ಏಳುತ್ತಿದ್ದೆ. ಆ ತಡೆತಡೆದು ಬರುವ ಉಸಿರಿನ ಹಾಡಿಗೇ ನೀನು ನಿದ್ದೆ ಮಾಡಿದವಳು.

ಇವರೆಲ್ಲ ನಮ್ಮ ಸೀಮೆಯವರು. ನಿನ್ನ ತಮ್ಮ ಕೇಳುವ ಅಬ್ಬರದ ಗಿಟಾರು ನನಗೆ ಒಗ್ಗದೆಂದು ಇಷ್ಟು ದಿನ ದೂರವೇ ಇದ್ದೆ. ಮೊನ್ನೆ ನಿನ್ನ ಸುದ್ದಿ ಹೇಳುವಾಗ ಅವನು ಟೋನಿ ಅಯೋಮಿ ಎಂಬಾತನ ಸಂಗತಿ ಹೇಳಿದ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹುಡುಗ. ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ್ದರಿಂದ ತಂತಿ ಒತ್ತಬೇಕಾದ ಕೈ ಅದೇ. ಇನ್ನು ಗಿಟಾರು ಮುಗಿಯಿತು ಎಂದು ಕೂತಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡು ತಂದು ಕೇಳಿಸಿದ. ಅದು ಜಾಂಗೋ ರೈನ್‌ಹಾರ್ಟ್ ಎಂಬ ಜಾಝ್ ಗಿಟಾರ್ ವಾದಕನದು. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟು ಮುದುಡಿದ ಮೇಲೂ, ಉಳಿದ ಎರಡರಲ್ಲೇ ಹಾಗೆ ನುಡಿಸಿದವನು. ಕಾರ್ಖಾನೆಯ ಆ ಮನುಷ್ಯನ ಮೇಲೆ ನನಗೆ ಎಷ್ಟು ಗೌರವ ಬಂತೆಂದರೆ ಹೇಳಲಾರೆ. ಹುಡುಗನಿಗೆ ಬುದ್ಧಿವಾದ ಹೇಳದೆ ರೆಕಾರ್ಡು ಹಾಕಿದನಲ್ಲ.

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದರ ಮೇಲೆ ತೊಗಲು ಅಂಟಿಸಿದ. ಬೆರಳಿಗೆ ನೋವಾಗದಂತೆ ಹಗುರ ತಂತಿ ಕಟ್ಟಿಕೊಂಡ. 1971ರಲ್ಲಿ ಬಂದ ತನ್ನ ಬ್ಲ್ಯಾಕ್ ಸಬ್ಬತ್ ತಂಡದ ಮೂರನೆಯ ಆಲ್ಬಮ್ಮಿನ ಹಲವು ಹಾಡುಗಳಿಗೆ ತಂತಿಗಳನ್ನು ಮೂರು ಸ್ವರಸ್ಥಾನ ಸಡಿಲಿಸಿ ಇಳಿಸಿದ. ಆ ಇಳಿದ, ಭಾರವಾದ ನಾದವನ್ನೇ ಹೆವಿ ಮೆಟಲ್ ನುಡಿಸುವವರು ಇಂದಿಗೂ ಬೆನ್ನಟ್ಟುತ್ತಾರೆ ಎಂದ ನಿನ್ನ ತಮ್ಮ. ನಾನು ಮನಸ್ಸಿನಲ್ಲೇ ಹಾರ್ಮೋನಿಯಂ ಮನೆಗಳನ್ನು ಎಣಿಸಿದೆ. ಕಪ್ಪು ಐದರಿಂದ ಬಿಳಿ ಐದಕ್ಕೆ ಎಷ್ಟು ಮನೆ, ಪುಟ್ಟೀ? ಮೂರು.

ಆಮೇಲೆ ಅವನೇ ಜೋನಿ ಮಿಚೆಲ್ ಎಂಬ ಕೆನಡಾದ ಗಾಯಕಿಯ ಒಂದೇ ಹಾಡನ್ನು ಎರಡು ಸಲ ಕೇಳಿಸಿದ. ‘ಬೋತ್ ಸೈಡ್ಸ್ ನೌ’. 1969ರದ್ದು ಬರಿ ಗಿಟಾರಿನೊಂದಿಗೆ, ನೀರಿನಂಥ ಎತ್ತರದ ದನಿ. 2000ದ ಮುದ್ರಣ ದೊಡ್ಡ ವಾದ್ಯವೃಂದದೊಂದಿಗೆ, ಆ ಹೊತ್ತಿಗೆ ದನಿ ಬಹಳ ಕೆಳಗಿಳಿದು ಒರಟಾಗಿತ್ತು. ಬದುಕನ್ನು ಎರಡೂ ಕಡೆಯಿಂದ ನೋಡಿದ್ದೇನೆ ಎನ್ನುವ ಅರ್ಥದ ಹಾಡಂತೆ. ಇಪ್ಪತ್ತರ ಹರೆಯದಲ್ಲಿ ಬರೆದದ್ದು. ಮಾತು ತಿಳಿಯದಿದ್ದರೂ ಎರಡನೆಯದನ್ನು ಕೇಳುವಾಗ ನನ್ನ ಕೈಯಲ್ಲಿದ್ದ ಚಹಾ ಆರಿತು. 2015ರಲ್ಲಿ ಆಕೆಯ ಮಿದುಳಿನ ರಕ್ತನಾಳಕ್ಕೆ ಆಘಾತವಾಗಿ ಮಾತು, ನಡಿಗೆ ಎಲ್ಲ ಮೊದಲಿನಿಂದ ಕಲಿಯಬೇಕಾಯಿತು. 2024ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಗ್ರ್ಯಾಮಿ ಸಮಾರಂಭದಲ್ಲಿ ಕುರ್ಚಿಯಲ್ಲಿ ಕೂತು ಅದೇ ಹಾಡನ್ನು ಹಾಡಿದರು.

ನಿನಗೆ ಸುಳ್ಳು ಭರವಸೆ ಕೊಡಲಾರೆ. ನಿನಗೆ ಶಾಲೆಯಲ್ಲಿ ತೋರಿಸಿದ್ದ ‘ಸೌಂಡ್ ಆಫ್ ಮ್ಯೂಸಿಕ್’ನ ಜೂಲಿ ಆಂಡ್ರೂಸ್‌ಗೆ 1997ರಲ್ಲಿ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಆ ಹಾಡುವ ದನಿ ಮರಳಲಿಲ್ಲ. ಆಕೆ ತನ್ನ ಮಗಳೊಂದಿಗೆ ಕೂತು ಮಕ್ಕಳ ಪುಸ್ತಕಗಳನ್ನು ಬರೆದರು. ನಿನ್ನ ದನಿ ಹೀಗೇ ಉಳಿಯಬಹುದು, ಇನ್ನೂ ಸ್ವಲ್ಪ ಬದಲಾಗಬಹುದು. ಆದರೆ ಈಗ ನಿನ್ನ ಬಳಿ ಇರುವ ದನಿಯನ್ನು ನೀನು ಒಂದು ಸಲವೂ ಪೂರ್ತಿ ಕೇಳಿಲ್ಲ. ಮಂದ್ರದಲ್ಲಿ ಎಲ್ಲಿಯವರೆಗೆ ಇಳಿಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ರಾಗಕ್ಕೆ ಒಲಿಯುತ್ತದೆ, ಏನನ್ನೂ ನೋಡಿಲ್ಲ. ಪ್ರತಿ ಸಲವೂ ಹಳೆಯ ಶ್ರುತಿಗೇ ಹಚ್ಚಿ, ಅದು ಬಿರಿದ ಕೂಡಲೇ ನಿಲ್ಲಿಸುತ್ತೀಯ. ಹಳೆಯ ಮುದ್ರಣವನ್ನು ಅಳಿಸು ಎನ್ನುವುದಿಲ್ಲ. ಗಾಂಧಾರಿಯ ತಟ್ಟೆಯನ್ನು ನಾನು ಬಟ್ಟೆ ಸುತ್ತಿ ಇಟ್ಟ ಹಾಗೆ ಜೋಪಾನವಾಗಿಡು. ದಿನವೂ ರಾತ್ರಿ ಮಾತ್ರ ಕೇಳಬೇಡ.

ತಂಬೂರಿಯನ್ನು ಯಾರಿಗೂ ಕೊಟ್ಟಿಲ್ಲ. ಮೂರು ಮನೆ ಇಳಿಸಿ ನೋಡಿದೆ. ತಂತಿ ಸಡಿಲಾಗಿ ನಾದಕ್ಕೆ ಝೇಂಕಾರ ಕೊಡುವ ಜವಾರಿ ಸತ್ತುಹೋಯಿತು, ತಂತಿ ಕೂರುವ ಕುದುರೆಯ ಮೇಲೆ ದಾರದ ಎಳೆಯನ್ನು ಎಷ್ಟು ಸರಿಸಿದರೂ ನಾದ ಏಳಲಿಲ್ಲ. ಮಿರಜಿನಲ್ಲಿ ಕೆಲಸ ಕಲಿತ ಒಬ್ಬರನ್ನು ಕರೆಸಿದೆ. ಈ ಶ್ರುತಿಗೆ ದಪ್ಪ ತಂತಿ ಬೇಕು ಎಂದು ಹೇಳಿ ನಾಲ್ಕನ್ನೂ ಬದಲಿಸಿ, ಜವಾರಿ ತೀಡಿಕೊಟ್ಟರು. ಅವರು ಹೋದ ಮೇಲೆ ನಿನ್ನ ಅವ್ವ ಬಂದು ಒಂದು ಸುತ್ತು ಮೀಟಿ, ಏನೂ ಹೇಳದೆ ಅಲ್ಲೇ ಕೂತಳು.

ಬರುವ ಶುಕ್ರವಾರ ರಾತ್ರಿಯ ರೈಲಿಗೆ ಇಬ್ಬರೂ ಬನ್ನಿ. ನಡುಮನೆಯ ಕಿಟಕಿಯ ಪಕ್ಕ ತಂಬೂರಿಯನ್ನು ಗವಸು ತೆಗೆದು ನಿಲ್ಲಿಸಿದ್ದೇನೆ. ಹೊಸ ತಂತಿ, ಇಳಿಯುತ್ತಲೇ ಇರುತ್ತದೆ. ಬೆಳಿಗ್ಗೆ ಸಂಜೆ ಬಿರಡೆ ತಿರುಗಿಸಿ ಬಿಳಿ ಐದಕ್ಕೆ ತರುತ್ತಿದ್ದೇನೆ. ನೀನು ಬರುವಷ್ಟರಲ್ಲಿ ನಿಂತಿರುತ್ತದೆ.

ನಿನ್ನ ಅಪ್ಪ