ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಪುಟ್ಟೀ,

ನಿನ್ನ ಮೇಲ್ ಬಂದು ನಾಲ್ಕು ದಿನ ಆಯಿತು. ಊರಿನ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಅದಕ್ಕೆ ಹೋಗುವುದಿಲ್ಲ. ಕೊನೆಯಲ್ಲಿ, ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ ಹಾಗೆ, ಒಂದು ಸಾಲು ಬರೆದಿದ್ದೀಯಲ್ಲ. 'ಸಮಾರ್ ಅಧ್ಯಾಯ ಥೀಸಿಸ್ಸಿನಿಂದ ತೆಗೆದುಬಿಡೋಣ ಅನ್ನಿಸ್ತಿದೆ ದೊಡ್ಡಪ್ಪ, ವೀಸಾ ಮೇಲೆ ಇರೋಳು ನಾನು, ಭಯ ಆಗುತ್ತೆ.' ಫಿಲಿಪ್ಪೀನ್ಸಿನ ಸಮಾರ್ ದ್ವೀಪದಲ್ಲಿ ಅಮೆರಿಕದ ಸೈನ್ಯ ಮಾಡಿದ್ದನ್ನು ಅಮೆರಿಕದಲ್ಲೇ ಕೂತು ಬರೆಯುತ್ತಿರುವವಳ ಭಯ ಅದು. ಆ ಸಾಲು ನನ್ನನ್ನು ಬಿಡುತ್ತಿಲ್ಲ.

ನನಗೆ ಮೊದಲು ಅನ್ನಿಸಿದ್ದನ್ನೇ ಹೇಳುತ್ತೇನೆ. ತೆಗೆದುಬಿಡು ಮಗಳೇ ಅಂತಲೇ ಅನ್ನಿಸಿತು. ಹಾಗೇ ಉತ್ತರವನ್ನೂ ಟೈಪ್ ಮಾಡಿದ್ದೆ. ಕಳಿಸಲು ಕೈ ಬರಲಿಲ್ಲ. ಆಮೇಲೆ ನಿನ್ನ ಮೇಲನ್ನು ಮೂರು ಸಲ ಓದಿದೆ. ತೆಗಿ ಅಂತ ನಿನಗೆ ಯಾರಾದರೂ ಹೇಳಿದರಾ ಅಂತ ಹುಡುಕಿದೆ. ನಿನ್ನ ಗೈಡ್ ಹೇಳಿಲ್ಲ, ಆಫೀಸಿನವರು ಹೇಳಿಲ್ಲ, ಯಾರೂ ಹೇಳಿಲ್ಲ. ಅಲ್ಲಿಗೆ ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ಈ ಭಯ ನನಗೆ ಗೊತ್ತು.

1975. ನಾನು ಕಾಲೇಜಿಗೆ ಸೇರಿ ಎರಡು ವರ್ಷ, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ವಾರ್ಷಿಕ ಸಂಚಿಕೆಯ ಜವಾಬ್ದಾರಿ ನನ್ನ ಮೇಲಿತ್ತು. ಎರಡನೇ ಬಿ.ಎ. ಹುಡುಗನೊಬ್ಬ ನಾಲ್ಕು ಪುಟ ಬರೆದು ಕೊಟ್ಟಿದ್ದ. ಎಮರ್ಜೆನ್ಸಿ ಬಂದ ಮೇಲೆ ಒಂದು ರಾತ್ರಿ ಅವನ ಅಪ್ಪನನ್ನು ಕರೆದುಕೊಂಡು ಹೋದದ್ದು, ಬೆಳಿಗ್ಗೆ ಅವನ ಅಮ್ಮ ಅಂಗಳದಲ್ಲಿದ್ದ ಅವರ ಚಪ್ಪಲಿಯನ್ನು ಒಳಗೆ ತಂದು ಇಟ್ಟದ್ದು. ಘೋಷಣೆ ಇಲ್ಲ, ಬೈಗುಳ ಇಲ್ಲ, ಇಷ್ಟೇ. ಪ್ರೆಸ್ಸಿಗೆ ಕೊಟ್ಟೂ ಆಗಿತ್ತು. ಒಂದು ಸಂಜೆ ನಾನೇ ಪ್ರೆಸ್ಸಿಗೆ ಹೋಗಿ, ಅದೊಂದು ಬೇಡ ಅಂದೆ. ಕಂಪೋಸಿಟರ್ ಯಾಕೆ ಅಂತ ಕೇಳಲಿಲ್ಲ. ಜೋಡಿಸಿದ್ದ ಪುಟ ಬಿಚ್ಚಿ, ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯಾ ಖಾನೆಗೆ ಹಾಕತೊಡಗಿದ. ಅಕ್ಷರ ಒಂದು ಕಡೆ, ಒತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಟಿಕ್, ಟಿಕ್ ಅಂತ ಸೀಸದ ಸದ್ದು. ಆ ಚಪ್ಪಲಿ ಅನ್ನುವ ಮಾತು ಚೂರುಚೂರಾಗಿ ಖಾನೆಗಳಿಗೆ ಹೋದದ್ದನ್ನು ನಾನು ನಿಂತು ನೋಡಿದೆ.

ಸಂಚಿಕೆ ಬಂದ ಮೇಲೆ ಹುಡುಗ ಕೇಳಿದ, 'ಸಾರ್, ಜಾಗ ಸಾಲಲಿಲ್ವಾ?' ಹೂಂ ಅಂದೆ. ಅವನ ಕೈಬರಹದ ಪ್ರತಿಯನ್ನಾದರೂ ಇಟ್ಟುಕೊಂಡಿದ್ದರೆ ಆಗುತ್ತಿತ್ತು. ಅದನ್ನೂ ಮನೆಗೆ ತಂದು ಬಚ್ಚಲ ಒಲೆಗೆ ಹಾಕಿದ್ದೆ. ನನಗೂ ಯಾರೂ ತೆಗಿ ಅಂದಿರಲಿಲ್ಲ ಪುಟ್ಟಿ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ಹೋದ ವರ್ಷ ನೀನು ಸಮಾರಿನ ಬಲಾಂಗಿಗಾ ಊರಿನಿಂದ ಕಳಿಸಿದ ಆ ಗಂಟೆಯ ಸದ್ದು ನನ್ನ ಫೋನಿನಲ್ಲಿ ಇನ್ನೂ ಇದೆ. ಮೊದಲು ಒಂದು ನಾಯಿ ಬೊಗಳುತ್ತದೆ, ಯಾವುದೋ ಮೋಟಾರು ಗಾಡಿ ಹೋಗುತ್ತದೆ, ಆಮೇಲೆ ಗಂಟೆ. ನಿನ್ನೆ ರಾತ್ರಿ ಮತ್ತೆ ಕೇಳಿದೆ. 1901ರ ಸೆಪ್ಟೆಂಬರ್ 28ರ ಬೆಳಿಗ್ಗೆ ಅಮೆರಿಕದ ಸೈನಿಕರು ತಿಂಡಿಗೆ ಕೂತಿದ್ದಾಗ ಆ ಚರ್ಚಿನ ಗಂಟೆ ಬಾರಿಸಿತು, ಊರಿನವರು ಕತ್ತಿ ಹಿಡಿದು ಮೇಲೆ ಬಿದ್ದರು, 48 ಸೈನಿಕರು ಸತ್ತರು. ಸತ್ತವರೂ ಯಾರದೋ ಮಕ್ಕಳೇ, ನೀನು ಅದನ್ನೂ ಮುಚ್ಚಿಡದೆ ಬರೆದಿದ್ದೀಯ, ಅದಕ್ಕೇ ನಿನ್ನ ಬರವಣಿಗೆ ನನಗೆ ಇಷ್ಟ. ಆದರೆ ಅದರ ನಂತರ ಜನರಲ್ ಜೇಕಬ್ ಸ್ಮಿತ್ ಸಮಾರ್ ದ್ವೀಪವನ್ನೇ ಸುಟ್ಟು ಬೋಳು ಮಾಡಿ ಅಂದ. ಆಯುಧ ಹಿಡಿಯಬಲ್ಲವರನ್ನೆಲ್ಲ ಕೊಲ್ಲಿ ಅಂದ. ವಯಸ್ಸು ಎಷ್ಟರಿಂದ ಅಂತ ಅವನ ಕೈಕೆಳಗಿನ ಮೇಜರ್ ವಾಲರ್ ಕೇಳಿದ. ಹತ್ತು ಅಂದ.

ಹತ್ತು ವರ್ಷ ಅಂದರೆ ಐದನೇ ಕ್ಲಾಸು, ಅಲ್ವಾ? ನಿನ್ನ ಕರಡು ಓದುವಾಗ ಅಲ್ಲಿ ನಾನು ಕನ್ನಡಕ ತೆಗೆದಿಟ್ಟೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಈ ಯುದ್ಧಕ್ಕೆ ನನ್ನ ನೋಟ್ಸಿನಲ್ಲಿ ಎರಡು ಸಾಲು ಇತ್ತು: 1898ರಲ್ಲಿ ಸ್ಪೇನ್ ಸೋತಿತು, ಅಮೆರಿಕಕ್ಕೆ ಫಿಲಿಪ್ಪೀನ್ಸ್, ಗುವಾಮ್, ಪೋರ್ಟೊ ರಿಕೊ ಸಿಕ್ಕವು. 'ಸಿಕ್ಕವು' ಅಂತ ಬರೆಸುತ್ತಿದ್ದೆ, ದಾರಿಯಲ್ಲಿ ಬಿದ್ದಿದ್ದು ಸಿಕ್ಕಿದ ಹಾಗೆ. ಆ ಜೂನ್ 12ಕ್ಕೇ ಫಿಲಿಪ್ಪೀನ್ಸಿನ ನಾಯಕ ಅಗಿನಾಲ್ಡೊ ಸ್ವಾತಂತ್ರ್ಯ ಸಾರಿದ್ದರು, ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ 2 ಕೋಟಿ ಡಾಲರಿಗೆ ವ್ಯವಹಾರ ಮುಗಿಯುವಾಗ ಅವರು ಕಳಿಸಿದ ದೂತ ಅಗೊನ್ಸಿಲ್ಲೊ ಅವರನ್ನು ಮೇಜಿನ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಇದೆಲ್ಲ ಪುಸ್ತಕದಲ್ಲಿತ್ತು. ಪರೀಕ್ಷೆಗೆ ಬರುವುದಿಲ್ಲ ಅಂತ ಬಿಟ್ಟೆ. ಅಲ್ಲಿ ನನಗೆ ಭಯವೂ ಇರಲಿಲ್ಲ, ಸುಮ್ನೆ ಬಿಟ್ಟೆ. ಆಮೇಲೆ ಅಮೆರಿಕಕ್ಕೂ ಫಿಲಿಪ್ಪೀನ್ಸಿನವರಿಗೂ ನಡೆದ ಯುದ್ಧದಲ್ಲಿ ಗುಂಡು, ಹಸಿವು, ಕಾಲರಾ ಎಲ್ಲ ಸೇರಿ ಎರಡು ಲಕ್ಷದವರೆಗೂ ಸಾಮಾನ್ಯ ಜನ ಸತ್ತರು ಅನ್ನುತ್ತಾರೆ. ನನ್ನ ಮಕ್ಕಳು ಆ ಎರಡು ಸಾಲು ಬಾಯಿಪಾಠ ಮಾಡಿ ಪಾಸಾದರು.

ಮತ್ತೆ ನಿನ್ನ ಭಯಕ್ಕೇ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ದಿನದಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ಒಂದೇ. ನೀನು ಬರೆದದ್ದರಲ್ಲಿ ಹೊರಗಿನವರು ಹೇಳಿದ್ದು ಎಷ್ಟಿದೆ? ಕೈದಿಯ ಬಾಯಿ ತೆರೆಸಿ ನೀರು ಹೊಯ್ದು, ಹೊಟ್ಟೆ ಉಬ್ಬಿದ ಮೇಲೆ ಒತ್ತುತ್ತಿದ್ದ ಆ ಹಿಂಸೆಯನ್ನು 1902ರಲ್ಲಿ ಅಮೆರಿಕದವರದೇ ಸೆನೆಟ್ ಸಮಿತಿಯ ಮುಂದೆ ಅವರದೇ ಸೈನಿಕರು ಹೇಳಿದರು. ಸ್ಮಿತ್ ಮೇಲೆ ಅವರದೇ ಕೋರ್ಟ್ ಮಾರ್ಷಲ್ ಆಯಿತು. ಬುದ್ಧಿ ಹೇಳಿ ರಿಟೈರ್ ಮಾಡಿ ಕಳಿಸಿದರು, ಅಷ್ಟೇ ಶಿಕ್ಷೆ, ಅದು ಬೇರೆ ಮಾತು. 'ಹತ್ತು ದಾಟಿದವರನ್ನೆಲ್ಲ ಕೊಲ್ಲಿ' ಅನ್ನುವುದನ್ನು ಚಿತ್ರದ ಸಮೇತ ಹಾಕಿದ್ದು ನ್ಯೂಯಾರ್ಕಿನ ಪತ್ರಿಕೆ. ಬಾಸ್ಟನ್ನಿನಲ್ಲಿ ಎಡ್ವರ್ಡ್ ಅಟ್ಕಿನ್ಸನ್ ಅಂತ ಒಬ್ಬರಿದ್ದರಲ್ಲ, 70 ದಾಟಿದವರು, 1899ರಲ್ಲಿ ಯುದ್ಧ ತಪ್ಪು ಅಂತ ಪುಸ್ತಿಕೆ ಬರೆದು ಮನಿಲಾದಲ್ಲಿದ್ದ ಸೇನಾಧಿಕಾರಿಗಳಿಗೇ ಅಂಚೆಗೆ ಹಾಕಿದರು. ಸರ್ಕಾರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟಪಾಲಿನಿಂದ ಅದನ್ನು ತೆಗೆಸಿತು. ನೋಡು, ಅಲ್ಲಿ ತೆಗೆದದ್ದು ಸರ್ಕಾರ, ಬರೆದವರಲ್ಲ.

ಆದರೆ ಮಾರ್ಕ್ ಟ್ವೇನ್ ಅಂಥವರಿಗೂ ಆಗಲಿಲ್ಲ. ಈ ಯುದ್ಧವನ್ನು ಅಷ್ಟು ಬೈದವರು, ಯುದ್ಧಕ್ಕೆ ಹೊರಟವರ ಪ್ರಾರ್ಥನೆಯ ಬಗ್ಗೆ ಒಂದು ಬರಹ ಬರೆದರು. 1905ರಲ್ಲಿ ಪತ್ರಿಕೆ ಬೇಡ ಅಂದಿತು, ಅವರು ಎತ್ತಿಟ್ಟರು, ಅದು ಪುಸ್ತಕದಲ್ಲಿ ಬಂದದ್ದು 1923ರಲ್ಲಿ, ಅವರು ತೀರಿಹೋಗಿ ಹದಿಮೂರು ವರ್ಷದ ಮೇಲೆ. ಅಷ್ಟು ದೊಡ್ಡವರೇ ಎತ್ತಿಟ್ಟರು ಅಂದ ಮೇಲೆ ನಿನ್ನನ್ನು ಹೇಡಿ ಅನ್ನುವ ಬಾಯಿ ನನಗೆಲ್ಲಿದೆ? ಆದರೆ ಅವರು ಎತ್ತಿಟ್ಟರು ಪುಟ್ಟಿ, ಒಲೆಗೆ ಹಾಕಲಿಲ್ಲ.

ಬುದ್ಧಿ ಹೇಳು ಅಂತ ನೀನು ಕೇಳಿರಲಿಲ್ಲ. ಆದರೂ ಒಂದೆರಡು. ಆ ಅಧ್ಯಾಯ ಡಿಲೀಟ್ ಮಾಡಬೇಡ. ತೆಗೆದರೂ ಬೇರೆ ಕಡೆ ಇಡು, ನನಗೂ ಒಂದು ಪ್ರತಿ ಕಳಿಸು. ನಿನ್ನ ಗೈಡ್ ಹತ್ತಿರ ಹೋಗಿ, ನನಗೆ ಹೀಗೆ ಭಯ ಆಗುತ್ತಿದೆ ಅಂತ ನೇರ ಕೇಳು, ಮೇಲಿನಲ್ಲಿ ಬೇಡ, ಎದುರಿಗೆ ಕೂತು ಕೇಳು. ವೀಸಾ ವಿಷಯಕ್ಕೆ ಯೂನಿವರ್ಸಿಟಿಯಲ್ಲೇ ಯಾರಾದರೂ ವಕೀಲರು ಇರುತ್ತಾರೇನೋ, ಅದೆಲ್ಲ ನಿನಗೇ ಜಾಸ್ತಿ ಗೊತ್ತು, ನಾನು ಇಲ್ಲಿ ಕೂತು ಏನು ಹೇಳಲಿ. ರಾತ್ರಿ ಎರಡು ಗಂಟೆಗೆ ಯಾವುದನ್ನೂ ತೀರ್ಮಾನ ಮಾಡಬೇಡ. ನಿನ್ನ ಮೇಲ್ ಬಂದ ಸಮಯ ನೋಡಿದೆ, ಅಲ್ಲಿ ಆಗ ಎರಡೂವರೆ.

ಎಲ್ಲ ಕೇಳಿಸಿಕೊಂಡು, ಲೆಕ್ಕ ಹಾಕಿ, ಬೇಡ ಅಂತಲೇ ಅನ್ನಿಸಿದರೆ ತೆಗಿ. ಓದು ಮುಗಿಸುವುದು ಮುಖ್ಯ. ನೀನು ಅಲ್ಲಿ ಒಬ್ಬಳೇ ಇದ್ದೀಯ, ಏನಾದರೂ ಆದರೆ ನಾವು ಯಾರೂ ಓಡಿ ಬರಲು ಆಗುವುದಿಲ್ಲ ಅನ್ನುವುದು ನನಗೂ ಗೊತ್ತು. ನಾನೇನೂ ಅನ್ನುವುದಿಲ್ಲ, ನಿನ್ನ ಅಪ್ಪನಿಗೂ ಅನ್ನಲು ಬಿಡುವುದಿಲ್ಲ. ಯಾರೂ ಕೇಳದೆ, ಕತ್ತಲಲ್ಲಿ, ನೀನೇ ಹೋಗಿ ಮೊಳೆ ಬಿಚ್ಚಿಸಬೇಡ. ಅಷ್ಟೇ ನನ್ನ ಮಾತು. ಐವತ್ತು ವರ್ಷ ಆಯಿತು, ಆ ಹುಡುಗ ಎಲ್ಲಿದ್ದಾನೋ ಗೊತ್ತಿಲ್ಲ. ಎರಡು ಸಲ ಅವನ ಊರಿಗೆ ಹೋಗಿ ಕೇಳಿದೆ, ಮನೆ ಮಾರಿ ಹೋದರು ಅಂದರು.

ಅಧ್ಯಾಯ ಕಳಿಸುವಾಗ ಅಕ್ಷರ ಸ್ವಲ್ಪ ದೊಡ್ಡದು ಮಾಡಿ ಕಳಿಸು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಳ್ಳುತ್ತೇನೆ.

ನಿನ್ನ
ದೊಡ್ಡಪ್ಪ