ಚಿತ್ರಾವತಿ ಎಂಬ ಹೆಸರಿನ ವಿಚಾರವಾಗಿ

ಗೌರಿಬಿದನೂರು

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬಾಣಂತನದ ವಿಷಯ, ಅತ್ತೆಯವರ ಮಂಡಿನೋವಿನ ವಿಷಯ ಎಲ್ಲವನ್ನೂ ಓದಿದೆನಾದರೂ, ಕೊನೆಯ ಪುಟದಲ್ಲಿ ನೀನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದಿರುವ ಸಾಲೊಂದು ನನ್ನ ಮನಸ್ಸನ್ನು ಬಿಟ್ಟು ಹೋಗುತ್ತಿಲ್ಲ. "ಚಿತ್ರಾವತಿ ಎಂದಿಟ್ಟರೆ ಚಿಕ್ಕದನ್ನು ಹುಟ್ಟುತ್ತಲೇ ದೊಡ್ಡವಳ ಉಪನದಿ ಮಾಡಿದ ಹಾಗಾಗುವುದಿಲ್ಲವೇ" ಎಂದು ಕೇಳಿದ್ದೀಯೆ. ಮಿಕ್ಕದ್ದಕ್ಕೆಲ್ಲ ಫೋನಿನಲ್ಲೇ ಉತ್ತರ ಹೇಳಿಬಿಡಬಹುದಿತ್ತು. ಇದಕ್ಕೆ ಬಾಯಿ ಬರಲಿಲ್ಲವಾದ್ದರಿಂದ ಬರೆಯಲು ಕೂತಿದ್ದೇನೆ.

ನಿನ್ನ ದೊಡ್ಡ ಮಗಳು ಪಿನಾಕಿನಿಗೆ ನಮ್ಮೂರ ಹೊಳೆಯ ಆ ಹೆಸರು ಹೇಗೆ ಬಂತು, ಅದೇ ಹೊಳೆಯ ದಂಡೆಯ ವಿದುರಾಶ್ವತ್ಥ ಕ್ಷೇತ್ರದ ಹರಕೆ ಏನಿತ್ತು ಎಂಬುದು ನಮ್ಮೆಲ್ಲರಿಗೂ ತಿಳಿದದ್ದೇ. ಈಗ ಹುಟ್ಟಿದ್ದೂ ಹೆಣ್ಣು, ನಕ್ಷತ್ರ ರೇವತಿ, ಬರುವ ಅಕ್ಷರಗಳು ದೇ, ದೋ, ಚ, ಚಿ ಎಂದ ಮೇಲೆ, ನಂದಿ ಬೆಟ್ಟದ ಸೀಮೆಯಲ್ಲೇ ಹುಟ್ಟುವ ಮತ್ತೊಂದು ಹೊಳೆಯ ಹೆಸರು ತಾನಾಗಿ ಮನೆಗೆ ನಡೆದು ಬಂದಂತೆ ನಿಮಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಪಾಪಘ್ನಿಯನ್ನು ನೀವು ಕೈಬಿಟ್ಟದ್ದು ಒಳ್ಳೆಯದೇ ಆಯಿತು. ಪಾಪವನ್ನು ಕಳೆಯುವವಳು ಎಂದು ಎಷ್ಟು ವಿವರಿಸಿದರೂ ಕೇಳುವವರ ಕಿವಿಗೆ ಮೊದಲ ಎರಡಕ್ಷರವೇ ಬೀಳುತ್ತದೆ.

ನೀನು ಭೂಪಟ ನೋಡಿ ಹೆದರಿರುವುದು ಸುಳ್ಳನ್ನು ನಂಬಿಯಲ್ಲ. ಚಿತ್ರಾವತಿ ಬಾಗೇಪಲ್ಲಿಯ ಕಡೆಯಿಂದ ಹರಿದು, ಪುಟ್ಟಪರ್ತಿಯನ್ನು ದಾಟಿ, ಕಡಪ ಜಿಲ್ಲೆಯಲ್ಲಿ ಪಿನಾಕಿನಿಯನ್ನು ಸೇರುತ್ತದೆ, ಅಲ್ಲಿಂದ ಮುಂದೆ ನೆಲ್ಲೂರಿನವರೆಗೆ ಅದರ ಹೆಸರನ್ನು ಯಾರೂ ಹೇಳುವುದಿಲ್ಲ. ಇದಕ್ಕೆ ಸಮಾಧಾನ ಹೇಳೋಣವೆಂದು ನಾನು ಒಂದೆರಡು ದಿನ ಯೋಚಿಸಿದೆ. ನಮ್ಮೂರಿನಲ್ಲಿ ಪಿನಾಕಿನಿ ವರ್ಷದ ಬಹುಪಾಲು ಬರೀ ಮರಳು ಮತ್ತು ಜಾಲಿ. ಜಯಮಂಗಲಿ, ಚಿತ್ರಾವತಿ, ಪಾಪಘ್ನಿಗಳಂಥವು ದಾರಿಯಲ್ಲಿ ಕೂಡಿಕೊಂಡ ಮೇಲಲ್ಲವೇ ಅದು ದೊಡ್ಡ ನದಿ ಎನಿಸಿಕೊಳ್ಳುವುದು, ಹಾಗಾಗಿ ಚಿಕ್ಕದರಿಂದಲೇ ದೊಡ್ಡದರ ಬಾಳು ಎಂದು ಬರೆಯಬೇಕೆಂದಿದ್ದೆ. ಬರೆಯಲು ಹೊರಟಾಗ ಅದು ನನಗೇ ಒಪ್ಪಿಗೆಯಾಗಲಿಲ್ಲ. ಯಾರಿಂದ ಯಾರು ದೊಡ್ಡವರಾದರು ಎಂದು ಅಳೆಯುವುದು ಆಗಲೂ ತಪ್ಪುವುದಿಲ್ಲವಲ್ಲ.

ಅಳೆಯುವ ಮಾತು ಬಂದಾಗಲೆಲ್ಲ ನನಗೆ ಆ ರಾಮನವಮಿಯ ಹರಿಕಥೆಯೇ ನೆನಪಾಗುತ್ತದೆ. ನಮ್ಮಪ್ಪ ನನಗೆ ಸತ್ಯಭಾಮೆಯೆಂದು, ನಿಮ್ಮಮ್ಮನಿಗೆ ರುಕ್ಮಿಣಿಯೆಂದು ಹೆಸರಿಟ್ಟದ್ದು ಜೋಡಿ ಚೆನ್ನಾಗಿರುತ್ತದೆಂಬ ಪ್ರೀತಿಯಿಂದ ಮಾತ್ರ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಮನೆಗೆ ಬಂದವರೆಲ್ಲ ಕಾಫಿ ಕುಡಿಯುತ್ತಾ, ಈ ದಿನ ಪಾರಿಜಾತ ಯಾರ ಪಾಲಿಗೆ ಬಂತಮ್ಮ ಎಂದು ಕೇಳಿ ನಗುತ್ತಿದ್ದರು. ಆ ವರ್ಷ ಕಥೆ ಮಾಡಲು ಬಂದಿದ್ದ ದಾಸರು ತುಲಾಭಾರದ ಪ್ರಸಂಗ ಎತ್ತಿಕೊಂಡರು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮಿಬ್ಬರ ಹೆಸರು ಯಾರಿಂದಲೋ ತಿಳಿದು, ಸತ್ಯಭಾಮೆ ತನ್ನ ಒಡವೆಯನ್ನೆಲ್ಲ ತಕ್ಕಡಿಗೆ ಸುರಿದರೂ ತಟ್ಟೆ ಏಳಲಿಲ್ಲ ಎನ್ನುವಾಗ ನನ್ನ ಕಡೆಗೂ, ರುಕ್ಮಿಣಿ ಒಂದು ತುಳಸೀದಳ ಇಟ್ಟಳು ಎನ್ನುವಾಗ ಅವಳ ಕಡೆಗೂ ಚಿಟಿಕೆಯನ್ನು ಆಡಿಸುತ್ತಾ ತೋರಿಸಿದರು. ಸಭೆಯೆಲ್ಲ ನಕ್ಕಿತು. ನನಗೆ ಅವಮಾನವಾಯಿತು, ಅದು ಸಹಜ. ಗೆದ್ದವಳು ಏನು ಮಾಡುತ್ತಿದ್ದಾಳೆಂದು ತಿರುಗಿ ನೋಡಿದರೆ, ನಿಮ್ಮಮ್ಮ ಕೈಯಲ್ಲಿದ್ದ ಕೋಸಂಬರಿಯ ದೊನ್ನೆಯನ್ನು ಮುಟ್ಟದೆ ಹಾಗೆಯೇ ಹಿಡಿದುಕೊಂಡಿದ್ದಳು, ಅದರ ನೀರು ಕಡ್ಡಿ ಚುಚ್ಚಿದ್ದ ಕಡೆಯಿಂದ ಸೋರಿ ಲಂಗದ ಮೇಲೆ ಬೀಳುತ್ತಿದ್ದರೂ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಎಷ್ಟು ವರ್ಷ ಒಟ್ಟಿಗೆ ಅಕ್ಕಿ ಆರಿಸಿದೆವು, ಎಷ್ಟು ಬಾಣಂತನಗಳನ್ನು ಕೂಡಿ ಮಾಡಿದೆವು, ಆದರೂ ಆ ರಾತ್ರಿ ನಿನಗೆ ಏನನ್ನಿಸಿತು ಎಂದು ನಾನು ಕೇಳಲಿಲ್ಲ. ಈಗ ಕೇಳುವಂತಿಲ್ಲ. ನಿನ್ನ ಈ ಪ್ರಶ್ನೆಗೆ ಉತ್ತರ ಬರೆಯಬೇಕಾಗಿದ್ದವಳೂ ಅವಳೇ.

ಇದನ್ನೆಲ್ಲ ಹೇಳಿ ನಿನ್ನ ಹೆದರಿಕೆಗೆ ಇನ್ನಷ್ಟು ಸೇರಿಸಿದೆನೋ ಏನೋ. ನನ್ನ ಅಭಿಪ್ರಾಯ ಇಷ್ಟೇ. ನಮಗೆ ಹೆಸರುಗಳಿಂದ ಕಷ್ಟವಾಗಲಿಲ್ಲ; ಒಬ್ಬಳು ಸೋಲಲೇಬೇಕಾದ ಕಥೆಯೊಂದು ಅವುಗಳ ಬೆನ್ನಿಗೇ ಬಂದಿತ್ತು, ದೊಡ್ಡವರು ಅದನ್ನು ನಮ್ಮೆದುರಿಗೇ ಹೇಳಿ ಹೇಳಿ ನಗುತ್ತಿದ್ದರು. ಉಪನದಿಯ ಮಾತನ್ನು ನಿನ್ನ ಹೊರತು ಇನ್ನೂ ಯಾರೂ ಆಡಿಲ್ಲವೆಂದು ನಿನ್ನ ಪತ್ರದಿಂದ ತಿಳಿಯುತ್ತದೆ. ಹಾಗಿದ್ದರೆ ಅದನ್ನು ಅಳಿಯಂದಿರೊಡನೆಯೂ ತಮಾಷೆಗೆ ಎತ್ತಬೇಡ. ಪಿನಾಕಿನಿಗೆ ಈಗಲೇ ಎಲ್ಲವೂ ಕಿವಿಗೆ ಬೀಳುವ ವಯಸ್ಸು, ಅವಳು ಶಾಲೆಯಲ್ಲಿ ಭೂಪಟ ನೋಡುವ ಹೊತ್ತಿಗೆ ಚಿಕ್ಕದು ಅವಳಿಗೆ ತಿರುಗಿ ಮಾತಾಡುವಷ್ಟು ಬೆಳೆದಿರುತ್ತದೆ.

ಅಷ್ಟರ ಮೇಲೂ ನಿನ್ನ ಮನಸ್ಸು ಒಪ್ಪದಿದ್ದರೆ ಅರ್ಕಾವತಿ ಇದೆ. ಅದೂ ನಂದಿ ಬೆಟ್ಟದಲ್ಲೇ ಹುಟ್ಟಿದರೂ ಪಿನಾಕಿನಿಯ ಗೊಡವೆಗೆ ಹೋಗದೆ ದಕ್ಷಿಣಕ್ಕೆ ಹರಿದು ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಅದೂ ಉಪನದಿಯೇ ಆದರೂ ಅಕ್ಕನದ್ದಂತೂ ಅಲ್ಲ. ರೇವತಿಗೆ ಆ ಅಕ್ಷರ ಬರುವುದಿಲ್ಲವೆಂದು ನಿನ್ನ ಅತ್ತೆಯವರು ಹೇಳಿಯಾರು. ಅಕ್ಕಿಯಲ್ಲಿ ಉಂಗುರದಿಂದ ಬರೆದು ಕಿವಿಯಲ್ಲಿ ಹೇಳುವ ಹೆಸರು ಒಂದು, ಶಾಲೆಯ ದಾಖಲೆಯ ಹೆಸರು ಮತ್ತೊಂದು ಆಗಿರುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ, ಅವರಿಗೆ ಬೇಸರವಾಗದಂತೆ ನೀನೇ ಹೇಳಬಲ್ಲೆ. ನಾನು ಹೇಳಿದರೆ ತವರಿನವರು ಮೂಗು ತೂರಿಸಿದರು ಎಂದಾಗುತ್ತದೆ.

ಅಥವಾ ನದಿಯ ಸಹವಾಸವನ್ನೇ ಬಿಟ್ಟು ಚಾರುಲತೆಯೆಂದೋ ದೇವಕಿಯೆಂದೋ ಇಟ್ಟರೂ ಆಕಾಶ ಕಳಚಿ ಬೀಳುವುದಿಲ್ಲ. ಆಗ ದೊಡ್ಡವಳ ಹೆಸರಿಗೆ ಎಲ್ಲರೂ ನಿಂತು ಅರ್ಥ ಕೇಳುತ್ತಾರೆ, ಇದರದ್ದಕ್ಕೆ ಕೇಳುವುದಿಲ್ಲ ಎಂಬ ಇನ್ನೊಂದು ಚಿಂತೆ ನಿನಗೆ ಹುಟ್ಟುತ್ತದೆ ಎಂದು ಬಲ್ಲೆ. ಅರ್ಥ ಕೇಳಿಸಿಕೊಳ್ಳುವುದೂ ಅಂಥ ಸುಖವೇನಲ್ಲ. ಪಿನಾಕಿನಿಯನ್ನು ನೀವು ಪಿನ್ನಿ ಎಂದು ಕರೆಯುವುದನ್ನು ಕೇಳಿ, ತೆಲುಗು ಮಾತಾಡುವ ನಮ್ಮ ಪಕ್ಕದ ಮನೆಯವರು, ಹೆತ್ತವರೇ ಮಗಳನ್ನು ಚಿಕ್ಕಮ್ಮ ಎನ್ನುತ್ತಾರಲ್ಲ ಎಂದು ಇಂದಿಗೂ ನಗುತ್ತಾರೆ. ಚಿತ್ರಾವತಿಯಾದರೆ ಬಾಯಲ್ಲಿ ಚಿತ್ರಾ ಎಂದಷ್ಟೇ ಉಳಿಯುತ್ತದೆ. ಅದು ಯಾರೂ ತಿರುಗಿ ನೋಡದ ಹೆಸರು, ಮಗುವಿಗೆ ಅದು ಹಾಯಾಗಿಯೂ ಇದ್ದೀತು.

ಹೆಸರು ಗೊತ್ತಾಗದೆ ನೋಂದಣಿ ತಡವಾಗುತ್ತದೆಂದು ಆತುರ ಪಡಬೇಡ. ಜನನವನ್ನು 21 ದಿನಗಳೊಳಗೆ ತಿಳಿಸಿದ್ದರೆ ಸಾಕು, ಹೆಸರಿನ ಜಾಗವನ್ನು ಖಾಲಿ ಬಿಡಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸುತ್ತಾರೆ, ಆಮೇಲಾದರೂ ತಡವಾದದ್ದಕ್ಕೆ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಆದರೆ 2023ರ ಅಕ್ಟೋಬರ್‌ನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಆ ಪ್ರಮಾಣಪತ್ರವೇ ಆಧಾರವೆಂದು ಕಾನೂನಾಗಿರುವುದರಿಂದ, ಬರೆಸುವಾಗ ಕನ್ನಡ, ಇಂಗ್ಲಿಷ್ ಎರಡರಲ್ಲೂ ಅಕ್ಷರಗಳನ್ನು ನೀನೇ ಓದಿ ನೋಡು. ಪಿನಾಕಿನಿಯ ಆಧಾರ್‌ನಲ್ಲಿ ಕೊನೆಯ ನಕಾರ ಣಕಾರವಾಗಿ ನೀವು ಅಲೆದದ್ದು ಸಾಕು.

ನಿಶ್ಚಯವಾದ ಕೂಡಲೇ ಒಂದು ಮಾತು ತಿಳಿಸು. ಬೆಳ್ಳಿಯ ಲೋಟ ಆಗಲೇ ಮಾಡಿಸಿಟ್ಟಿದ್ದೇನೆ, ಪಿನಾಕಿನಿಗೆ ಮಾಡಿಸಿದ್ದಷ್ಟೇ ತೂಕದ್ದು. ಹೆಸರು ಕೆತ್ತಬೇಕಾದ ಆಚಾರಿಯವರು ಅಕ್ಷರ ಎಷ್ಟು ಎಂದು ಎರಡು ಸಲ ಕೇಳಿ ಕಳಿಸಿದ್ದಾರೆ.

ಇಂತಿ,
ನಿನ್ನ ದೊಡ್ಡಮ್ಮ